ನಕ್ಷೆ ಜಿಬಿಎ ಕೈಯಲ್ಲಿ, ನಿವೇಶನ ಬಿಡಿಎ ಕೈಯಲ್ಲಿ: ಬೆಂಗಳೂರಿನ ತೆರಿಗೆ ಯಾರ ಕೈಯಲ್ಲಿ?

ನಾಡಪ್ರಭು ಕೆಂಪೇಗೌಡ ಬಡಾವಣೆಯಲ್ಲಿ ನಿವೇಶನ ಪಡೆದವರು ಆಸ್ತಿ ತೆರಿಗೆಯನ್ನು ಪಾಲಿಕೆಗಲ್ಲ, ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರಕ್ಕೆ, ಅಂದರೆ ಬಿಡಿಎಗೆ, ಕಟ್ಟುತ್ತ ಬಂದಿದ್ದಾರೆ. ಖಾತಾ ಕೊಡುವುದೂ ಬಿಡಿಎ. ನೀರಿನ ಸಂಪರ್ಕಕ್ಕೆ ಜಲಮಂಡಳಿಗೆ ಹೋಗಬೇಕು, ವಿದ್ಯುತ್ತಿಗೆ ಬೆಸ್ಕಾಂಗೆ. ಬೀದಿದೀಪ ಕೆಟ್ಟರೆ ಹೋಗಿ ಕೇಳಲು ವಾರ್ಡಿನ ಸದಸ್ಯ ಎಂಬವರಿಲ್ಲ, ಏಕೆಂದರೆ ಬಡಾವಣೆ ಹಸ್ತಾಂತರವಾಗುವವರೆಗೆ ಅದು ಪಾಲಿಕೆಯ ಹೊಣೆಯಲ್ಲ. ತೆರಿಗೆ ವಿಧಿಸುವ ಸಂಸ್ಥೆಗೂ ತೆರಿಗೆ ಕಟ್ಟುವವರ ಮತಕ್ಕೂ ಇಲ್ಲಿ ಯಾವ ಸಂಬಂಧವೂ ಇಲ್ಲ. ಬೆಂಗಳೂರಿನ ಆಡಳಿತವನ್ನು ಮರುರಚಿಸುವ ಯಾವ ಪ್ರಯತ್ನವನ್ನಾದರೂ ಅಳೆಯಬೇಕಾದದ್ದು ಈ ಒಂದು ಅಂಶದಿಂದ: ಕೆಲಸ ಮಾಡುವವರು, ಅದಕ್ಕೆ ಹಣ ಎತ್ತುವವರು, ಜನರಿಗೆ ಲೆಕ್ಕ ಕೊಡುವವರು ಒಬ್ಬರೇ ಆದರೇ?

2025ರ ಮರುರಚನೆ ದೊಡ್ಡದು. ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ ಆ ವರ್ಷದ ಮೇ 15ರಂದು ಜಾರಿಗೆ ಬಂತು. ಸೆಪ್ಟೆಂಬರ್ 2ರಂದು ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ (ಬಿಬಿಎಂಪಿ) ಹೋಗಿ ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಎಂಬ ಐದು ಪಾಲಿಕೆಗಳು ಬಂದವು. ಅವುಗಳ ಮೇಲೆ ಮುಖ್ಯಮಂತ್ರಿಯ ಅಧ್ಯಕ್ಷತೆಯಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ, ಅಂದರೆ ಜಿಬಿಎ, ಕೂತಿತು. ಬೆಂಗಳೂರು ಅಭಿವೃದ್ಧಿ ಸಚಿವರು ಅದರ ಉಪಾಧ್ಯಕ್ಷರು. ಸಚಿವರು, ಸಂಸದರು, ಶಾಸಕರು, ಮೇಯರ್‌ಗಳು, ಜಲಮಂಡಳಿ, ಬಿಡಿಎ, ಮೆಟ್ರೊ ನಿಗಮಗಳಂಥ ಸಂಸ್ಥೆಗಳ ಮುಖ್ಯಸ್ಥರು ಅದರಲ್ಲಿದ್ದಾರೆ. ಮೊದಲ ಸಭೆ ಅಕ್ಟೋಬರ್ 10ರಂದು ನಡೆಯಿತು. ನಗರ ಯೋಜನೆಯ ಅಧಿಕಾರ ಬಿಡಿಎಯಿಂದ ಜಿಬಿಎಗೆ ಬಂತು. ಬಡಾವಣೆ ಮಾಡುವುದು, ನಿವೇಶನ ಹಂಚುವುದು, ಫ್ಲ್ಯಾಟ್ ಕಟ್ಟಿ ಮಾರುವುದು ಬಿಡಿಎಯಲ್ಲೇ ಉಳಿಯಿತು.

ಯೋಜನೆಯನ್ನು ಬಿಡಿಎಯಿಂದ ಬೇರ್ಪಡಿಸಿದ್ದು ಸರಿಯಾದ ಹೆಜ್ಜೆ, ತಡವಾಗಿ ಬಂದ ಹೆಜ್ಜೆ. ಅದು ಏಕೆ ಸರಿ ಎಂಬುದು ಗೊತ್ತಾಗಲು ಬಿಡಿಎಯ ಹಣದ ಲೆಕ್ಕ ನೋಡಬೇಕು.

ಒಂದು ಎಕರೆಯ ಲೆಕ್ಕ

1945ರಲ್ಲಿ ಹುಟ್ಟಿದ ನಗರ ಸುಧಾರಣಾ ಟ್ರಸ್ಟ್ ಮಂಡಳಿಯ ಜಾಗಕ್ಕೆ 1976ರಲ್ಲಿ ಬಿಡಿಎ ಬಂತು. ಕೆಲಸದ ಹಾದಿ ಇಂದಿಗೂ ಹೆಚ್ಚು ಕಡಿಮೆ ಅದೇ. ಬಿಡಿಎ ಕಾಯ್ದೆಯ 17ನೇ ಕಲಂ ಪ್ರಕಾರ ಪ್ರಾಥಮಿಕ ಅಧಿಸೂಚನೆ, ಆಕ್ಷೇಪಣೆ ಆಲಿಸುವುದು, 18ರಲ್ಲಿ ಸರ್ಕಾರದ ಮಂಜೂರಾತಿ, 19ರಲ್ಲಿ ಅಂತಿಮ ಅಧಿಸೂಚನೆ, ಆಮೇಲೆ ಪರಿಹಾರದ ಐತೀರ್ಪು, ಸ್ವಾಧೀನ, ರಸ್ತೆ ಚರಂಡಿ, ಹಂಚಿಕೆ. ಯೋಜನೆಯನ್ನು ಐದು ವರ್ಷದೊಳಗೆ ಬಹುಮಟ್ಟಿಗೆ ಮುಗಿಸಬೇಕೆಂದು 27ನೇ ಕಲಂ ಹೇಳುತ್ತದೆ. ಶಿವರಾಮ ಕಾರಂತ ಬಡಾವಣೆಗೆ 2008ರ ಕೊನೆಯಲ್ಲಿ ಪ್ರಾಥಮಿಕ ಅಧಿಸೂಚನೆಯಾಯಿತು. ಅಂತಿಮ ಅಧಿಸೂಚನೆ ಬರುವಾಗ 2018, ಅದೂ ಸುಪ್ರೀಂ ಕೋರ್ಟ್ ಆದೇಶದ ಮೇಲೆ. ಆ ಹತ್ತು ವರ್ಷ ಅಲ್ಲಿನ ರೈತರಿಗೆ ಜಮೀನು ಮಾರಲೂ ಆಗಲಿಲ್ಲ, ನೆಮ್ಮದಿಯಿಂದ ಉಳಲೂ ಆಗಲಿಲ್ಲ.

ಪರಿಹಾರದ ಬದಲು ಅಭಿವೃದ್ಧಿಪಡಿಸಿದ ಜಾಗ ಕೊಡುವ 40:60 ಸೂತ್ರ ನೋಡೋಣ. ಒಂದು ಎಕರೆ 43,560 ಚದರ ಅಡಿ. ಅದರಲ್ಲಿ ರಸ್ತೆ, ಉದ್ಯಾನ, ನಾಗರಿಕ ಸೌಲಭ್ಯದ ನಿವೇಶನಗಳಿಗೆ 45% ಹೋಗುತ್ತದೆ. ಉಳಿಯುವ 55%, ಅಂದರೆ 23,958 ಚದರ ಅಡಿ, ಮಾರಬಹುದಾದ ಜಾಗ. ಅದರಲ್ಲಿ 40%, 9,583 ಚದರ ಅಡಿ, ಜಮೀನು ಕೊಟ್ಟವರಿಗೆ. ಬಿಡಿಎಗೆ ಸಿಗುವುದು 14,375 ಚದರ ಅಡಿ: ಮೂವತ್ತು ನಲವತ್ತರ ಸುಮಾರು ಹನ್ನೆರಡು ನಿವೇಶನ. ಆ ಹನ್ನೆರಡರಿಂದ ರಸ್ತೆ, ಒಳಚರಂಡಿ, ವಿದ್ಯುತ್, ನೀರಿನ ಕೊಳವೆ, ನ್ಯಾಯಾಲಯದ ಖರ್ಚು, ಕಚೇರಿಯ ಸಂಬಳ ಎಲ್ಲವೂ ಹೊರಡಬೇಕು. ಸಾಮಾನ್ಯರಿಗೆ ನಿಗದಿತ ದರದಲ್ಲಿ ಹಂಚಿದ ನಿವೇಶನದಲ್ಲಿ ಉಳಿತಾಯ ಕಡಿಮೆ. ಆದ್ದರಿಂದ ಮೂಲೆ ನಿವೇಶನಗಳ ಹರಾಜು ಬಿಡಿಎಗೆ ಉಸಿರಾಟದಷ್ಟು ಅಗತ್ಯವಾಯಿತು.

ಇಂಥ ಸಂಸ್ಥೆಯ ಕೈಯಲ್ಲೇ ನಗರದ ಮಹಾಯೋಜನೆಯೂ (ಮಾಸ್ಟರ್ ಪ್ಲಾನ್) ಇದ್ದರೆ ಏನಾಗುತ್ತದೆ? ಯಾವ ಹಳ್ಳಿ ಹಸಿರು ವಲಯ, ಯಾವುದು ವಸತಿ ವಲಯ ಎಂದು ಗೆರೆ ಎಳೆಯುವವರೇ ಆ ಗೆರೆಯೊಳಗಿನ ಜಾಗ ಮಾರಿ ಬದುಕಬೇಕು. ಭೂಬಳಕೆ ಬದಲಾವಣೆಗೆ ಅನುಮತಿ ಕೊಡುವವರಿಗೇ ಆ ಅನುಮತಿಯ ಶುಲ್ಕವೂ ಬರುತ್ತದೆ. ಯೋಜಿಸುವ ಕೆಲಸ ಹಿಂದೆ ಬಿದ್ದದ್ದು ಕಣ್ಣಿಗೆ ಕಾಣುವಂಥದ್ದೇ. 2007ರಲ್ಲಿ ಒಪ್ಪಿಗೆ ಪಡೆದ, 2015ಕ್ಕೆ ಮುಗಿಯಬೇಕಿದ್ದ ಪರಿಷ್ಕೃತ ಮಹಾಯೋಜನೆಯನ್ನೇ ನಗರ ಅವಧಿ ಮುಗಿದ ಮೇಲೂ ಎಳೆದುಕೊಂಡು ಬಂತು. 2031ರ ಕರಡು 2017ರಲ್ಲಿ ಪ್ರಕಟವಾಗಿ, ಆಮೇಲೆ ಹಿಂದಕ್ಕೆ ಹೋಯಿತು.

ಈಗ ಯೋಜನೆ ಬೇರೆಯಾಗಿದೆ. ಆದರೆ ಯೋಜನೆಗೆ ಅಂಟಿಕೊಂಡಿದ್ದ ಹಣದ ಕತೆ ಏನು ಎಂಬಲ್ಲಿ ತೊಡಕು ಶುರುವಾಗುತ್ತದೆ.

ತೆರಿಗೆ, ಶುಲ್ಕ, ಸೆಸ್: ಮೂರೂ ಒಂದೇ ಅಲ್ಲ

ಜನರ ಜೇಬಿನಿಂದ ಹೋಗುವಾಗ ಎಲ್ಲ ರೂಪಾಯಿಯೂ ಒಂದೇ. ಕಾನೂನಿಗೆ ಹಾಗಲ್ಲ. ತೆರಿಗೆ ಹಾಕಲು ಶಾಸನಸಭೆ ಮಾಡಿದ ಕಾನೂನಿನಲ್ಲಿ ಸ್ಪಷ್ಟ ಅಧಿಕಾರ ಬೇಕು. ಸಂವಿಧಾನದ 265ನೇ ವಿಧಿ ಹೇಳುವುದು ಅದನ್ನೇ. ಪಾಲಿಕೆಗಳಿಗೆ ಯಾವ ತೆರಿಗೆ ಎಂಬುದನ್ನು 243-ಎಕ್ಸ್ ವಿಧಿ ಪೂರ್ತಿಯಾಗಿ ರಾಜ್ಯದ ಶಾಸನಸಭೆಗೆ ಬಿಟ್ಟಿದೆ. ಶುಲ್ಕಕ್ಕೆ ಪ್ರತಿಯಾಗಿ ಒಂದು ಸೇವೆ ಇರಬೇಕು. ಸೆಸ್ ಎಂದರೆ ಹೇಳಿದ ಕೆಲಸಕ್ಕೇ ಮೀಸಲಾದ ಹಣ.

ಈ ವ್ಯತ್ಯಾಸವನ್ನು ಲಘುವಾಗಿ ತೆಗೆದುಕೊಂಡಾಗ ಏನಾಗುತ್ತದೆಂದು 2021ರಲ್ಲಿ ಕಂಡಿತು. ಕಟ್ಟಡ ಪರವಾನಗಿ ಕೊಡುವಾಗ ಬಿಬಿಎಂಪಿ ಪಡೆಯುತ್ತಿದ್ದ ನೆಲಬಾಡಿಗೆ, ಪರವಾನಗಿ ಶುಲ್ಕ, ಪರಿಶೀಲನಾ ಶುಲ್ಕಗಳಿಗೆ ಕಾನೂನಿನ ಬೆಂಬಲವಿಲ್ಲ, ಬರೀ ಸುತ್ತೋಲೆ ಸಾಲದು ಎಂದು ಹೈಕೋರ್ಟ್ ರದ್ದು ಮಾಡಿತು. ಇನ್ನೊಂದು ಬದಿಯ ಉದಾಹರಣೆಯೂ ಇದೆ. ಖಾಸಗಿ ಬಡಾವಣೆಗಳಿಗೆ ಒಪ್ಪಿಗೆ ಕೊಡುವಾಗ ನೀರು, ರಸ್ತೆ, ಸಾರಿಗೆಯಂಥ ದೊಡ್ಡ ಯೋಜನೆಗಳಿಗೆ ಪಾಲು ಕೇಳಲು ಬಿಡಿಎ ಕಾಯ್ದೆಯ 32(5-ಎ) ಕಲಂ ಅವಕಾಶ ಕೊಡುತ್ತದೆ. ಗೃಹ ನಿರ್ಮಾಣ ಸಂಘಗಳು ಇದನ್ನು ಪ್ರಶ್ನಿಸಿದ್ದವು. 2012ರಲ್ಲಿ ಸುಪ್ರೀಂ ಕೋರ್ಟ್ ಆ ಕಲಮಿನ ಸಿಂಧುತ್ವವನ್ನು ಎತ್ತಿಹಿಡಿಯಿತು. ಒಂದು ಸುತ್ತೋಲೆಯ ಮೇಲೆ ನಿಂತದ್ದು ಬಿತ್ತು, ಕಲಮಿನ ಮೇಲೆ ನಿಂತದ್ದು ಉಳಿಯಿತು.

ಇದು ಈಗಿನ ಮರುರಚನೆಗೆ ನೇರವಾಗಿ ತಟ್ಟುತ್ತದೆ. 32(5-ಎ) ಇರುವುದು ಬಿಡಿಎಯ ಹೆಸರಿನಲ್ಲಿ. ಭೂಬಳಕೆ ಬದಲಾವಣೆಯ ಶುಲ್ಕ, ನೀರು, ವರ್ತುಲ ರಸ್ತೆ, ಕೊಳೆಗೇರಿ, ಸಮೂಹ ಸಾರಿಗೆಗಳ ಸೆಸ್ ಮತ್ತು ಸರ್ಚಾರ್ಜು ಇರುವುದು 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಲ್ಲಿ, ‘ಯೋಜನಾ ಪ್ರಾಧಿಕಾರ’ದ ಹೆಸರಿನಲ್ಲಿ. ಆಸ್ತಿ ತೆರಿಗೆ ಇರುವುದು ಪಾಲಿಕೆಗಳ ಹೆಸರಿನಲ್ಲಿ. ಬಿಡಿಎ ತಾನು ಹಸ್ತಾಂತರಿಸದ ಬಡಾವಣೆಗಳಲ್ಲಿ ತೆರಿಗೆ ಪಡೆಯುವುದು ತನ್ನ ಕಾಯ್ದೆಯ 28-ಬಿ ಕಲಮಿನಿಂದ. ಅಧಿಕಾರ ಒಂದು ಮನೆಯಿಂದ ಇನ್ನೊಂದಕ್ಕೆ ಹೋದಾಗ ಪ್ರತಿ ಕಲಮಿನಲ್ಲೂ ಹೆಸರು ಸರಿಯಾಗಿ ಬದಲಾಗಿದೆಯೇ, ಹಳೆಯ ಅವಧಿಯ ಬಾಕಿ ಯಾರಿಗೆ ಸೇರುತ್ತದೆ, ಪಡೆದ ಸೆಸ್ ಎಷ್ಟು ದಿನದೊಳಗೆ ಜಲಮಂಡಳಿಗೋ ಮೆಟ್ರೊಗೋ ಹೋಗಬೇಕು ಎಂಬುದನ್ನು ಒಂದೊಂದಾಗಿ ಬರೆಯದಿದ್ದರೆ ಮುಂದಿನ ತಗಾದೆಗಳು ನ್ಯಾಯಾಲಯದಲ್ಲೇ ತೀರ್ಮಾನವಾಗುತ್ತವೆ. ಅಷ್ಟರಲ್ಲಿ ಹಣ ಕಟ್ಟಿದ ಬಿಲ್ಡರು ಅದನ್ನು ಫ್ಲ್ಯಾಟಿನ ಬೆಲೆಗೆ ಸೇರಿಸಿ ಮಾರಿಬಿಟ್ಟಿರುತ್ತಾರೆ. ಆದೇಶ ರದ್ದಾಗಿ ಹಣ ವಾಪಸ್ ಬಂದರೂ ಅದು ಮನೆ ಕೊಂಡವರಿಗೆ ತಲುಪುವುದಿಲ್ಲ.

ಬಿಡಿಎ ಕಾಯ್ದೆಯ 20ನೇ ಕಲಮಿನಲ್ಲಿ ಒಂದು ಹಳೆಯ, ಒಳ್ಳೆಯ ಉಪಾಯವಿದೆ. ಯೋಜನೆಯಿಂದ ಅಕ್ಕಪಕ್ಕದ ಜಮೀನಿನ ಬೆಲೆ ಏರಿದರೆ ಆ ಏರಿಕೆಯ ಮೂರನೇ ಒಂದು ಭಾಗವನ್ನು ಸುಧಾರಣಾ ತೆರಿಗೆಯಾಗಿ ಪಡೆಯಬಹುದು. ರಸ್ತೆ ಸಾರ್ವಜನಿಕರ ಹಣದಲ್ಲಿ ಬಂದಾಗ ಪಕ್ಕದ ಜಮೀನಿನವರಿಗೆ ಆದ ಲಾಭದಲ್ಲಿ ಪಾಲು ಕೇಳುವುದು ನ್ಯಾಯವೇ. ಆದರೆ ಬಿಡಿಎ ನೆಚ್ಚಿಕೊಂಡು ಬಂದದ್ದು ನಿವೇಶನ ಮಾರಾಟವನ್ನು, ಇದನ್ನಲ್ಲ. ಏರಿಕೆಗೆ ಮುಂಚಿನ ಬೆಲೆ ಎಷ್ಟಿತ್ತು ಎಂಬ ದಾಖಲೆ ಮೊದಲೇ ಮಾಡಿಡದಿದ್ದರೆ ಈ ತೆರಿಗೆ ಹಾಕಲಾಗುವುದಿಲ್ಲ, ಹಾಕಿದರೂ ನಿಲ್ಲುವುದಿಲ್ಲ. 73 ಕಿಲೊಮೀಟರಿನ ಪೆರಿಫೆರಲ್ ರಿಂಗ್ ರಸ್ತೆಯನ್ನೇ ನೋಡಿ, ಈಗ ಬೆಂಗಳೂರು ಬಿಸಿನೆಸ್ ಕಾರಿಡಾರ್ ಎನ್ನುವುದು. ಅಂತಿಮ ಅಧಿಸೂಚನೆ 2007ರಲ್ಲಾದದ್ದು. ಪರಿಹಾರ ಹಳೆಯ ಕಾಯ್ದೆಯಂತೆಯೋ 2013ರ ಭೂಸ್ವಾಧೀನ ಕಾಯ್ದೆಯಂತೆಯೋ ಎಂಬ ಜಗಳ 2022ರ ಜನವರಿಯಲ್ಲಿ ಸುಪ್ರೀಂ ಕೋರ್ಟು 2013ರ ಕಾಯ್ದೆ ಇಲ್ಲಿಗೆ ಅನ್ವಯಿಸದು ಎಂದ ಮೇಲೆ ಮುಗಿಯಿತು. ಅಷ್ಟು ವರ್ಷ ಜಮೀನು ಹಿಡಿದಿಟ್ಟುಕೊಂಡ ರೈತರು ನಷ್ಟ ಅನುಭವಿಸಿದರು. ರಸ್ತೆಯ ಆಸೆಯಲ್ಲಿ ಅದರ ಸುತ್ತಲಿನ ಜಮೀನಿನ ಬೆಲೆ ಏರುತ್ತಲೇ ಹೋಯಿತು.

ಪಾಲಿಕೆಗೆ ಉಳಿದದ್ದು ಒಂದೇ ತೆರಿಗೆ

ನಮ್ಮ ನಗರಗಳ ಸ್ವಂತ ಆದಾಯದ ಬಾಗಿಲುಗಳು ಒಂದೊಂದಾಗಿ ಮುಚ್ಚಿವೆ. ಊರೊಳಗೆ ಬರುವ ಸರಕಿನ ಮೇಲಿನ ತೆರಿಗೆಯಾದ ಆಕ್ಟ್ರಾಯ್ 1979ರಲ್ಲಿ ಕರ್ನಾಟಕದಲ್ಲಿ ರದ್ದಾಯಿತು. ಜಾಹೀರಾತು ತೆರಿಗೆಯ ಅಧಿಕಾರ ಜಿಎಸ್‌ಟಿಗಾಗಿ ಸಂವಿಧಾನ ತಿದ್ದಿದಾಗ ಹೋಯಿತು. ವೃತ್ತಿ ತೆರಿಗೆಯನ್ನು ಇಲ್ಲಿ ರಾಜ್ಯ ಸರ್ಕಾರವೇ ಪಡೆಯುತ್ತದೆ, ಅದಕ್ಕೂ ವರ್ಷಕ್ಕೆ 2,500 ರೂಪಾಯಿಯ ಸಾಂವಿಧಾನಿಕ ಮಿತಿ. ಉಳಿದದ್ದು ಆಸ್ತಿ ತೆರಿಗೆ. ಬಿಬಿಎಂಪಿ 2024–25ರಲ್ಲಿ ಸುಮಾರು 4,900 ಕೋಟಿ ರೂಪಾಯಿ ಸಂಗ್ರಹಿಸಿತು. ಅದರ ಮರು ವರ್ಷದ ಬಜೆಟ್ಟಿನ ಗಾತ್ರ 19,900 ಕೋಟಿಯ ಆಸುಪಾಸು.

ಆ ತೆರಿಗೆ ಹೇಗೆ ಬರುತ್ತದೆ? 2008ರಿಂದ ನಡೆದುಬಂದ ಘಟಕ ಪ್ರದೇಶ ಮೌಲ್ಯ ಪದ್ಧತಿಯಲ್ಲಿ ಬೀದಿಯ ವಲಯ ನೋಡಿ ಚದರ ಅಡಿಗೆ ತಿಂಗಳ ದರ ಗೊತ್ತುಮಾಡುತ್ತಾರೆ. ಲೆಕ್ಕ ಸುಲಭವಾಗಲೆಂದು 2 ರೂಪಾಯಿ ಎಂದಿಟ್ಟುಕೊಳ್ಳಿ. 1,000 ಚದರ ಅಡಿಯ ಮನೆಗೆ ಹತ್ತು ತಿಂಗಳಿಗೆ 20,000. ಸವಕಳಿ 10% ಕಳೆದರೆ 18,000. ವಸತಿಗೆ 20% ಎಂದರೆ ತೆರಿಗೆ 3,600. ಇದರ ಮೇಲೆ ಆರೋಗ್ಯ ಸೆಸ್ 15%, ಗ್ರಂಥಾಲಯ 6%, ಭಿಕ್ಷುಕರ ಪುನರ್ವಸತಿ 3%, ನಗರ ಭೂ ಸಾರಿಗೆ 2%: ಒಟ್ಟು 936 ರೂಪಾಯಿ. ರಶೀದಿಯಲ್ಲಿ 4,536. ಆದರೆ ಪಾಲಿಕೆಯದು ಎನ್ನಬಹುದಾದ ಮೂಲ ತೆರಿಗೆ 3,600 ಮಾತ್ರ. ಸೆಸ್‌ಗಳನ್ನು ಆಯಾ ಇಲಾಖೆಗೆ ದಾಟಿಸಬೇಕು. ಗ್ರಂಥಾಲಯ ಸೆಸ್ ಬಾಕಿಯ ತಗಾದೆ ಪಾಲಿಕೆಗೂ ಗ್ರಂಥಾಲಯ ಇಲಾಖೆಗೂ ವರ್ಷಗಟ್ಟಲೆ ನಡೆದಿದೆ. 2025ರ ಏಪ್ರಿಲ್‌ನಿಂದ ಕಸದ ಬಳಕೆದಾರ ಶುಲ್ಕವೂ ಇದೇ ರಶೀದಿಗೆ ಸೇರಿದೆ, ಮನೆಯ ಅಳತೆ ನೋಡಿಕೊಂಡು ತಿಂಗಳಿಗೆ 10ರಿಂದ 400 ರೂಪಾಯಿ. 2020ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಸದಸ್ಯರ ಅವಧಿ ಮುಗಿದಿತ್ತು. ಹಾಗಾಗಿ ಈ ಶುಲ್ಕವೂ ಐದು ಪಾಲಿಕೆಗಳ ಗಡಿಯೂ ಒಬ್ಬ ಚುನಾಯಿತ ಸದಸ್ಯನೂ ಕೈ ಎತ್ತದೆ ತೀರ್ಮಾನವಾದವು. ಇದು ಈ ಮರುರಚನೆಯ ಅತಿ ದೊಡ್ಡ ಕೊರತೆ.

ಐದು ಪಾಲು, ಒಂದೇ ಅಳತೆಯಲ್ಲ

712 ಚದರ ಕಿಲೊಮೀಟರ್ ಹಂಚಿಹೋದ ಬಗೆ ಹೀಗೆ: ಪೂರ್ವ 168, ಪಶ್ಚಿಮ 161, ಉತ್ತರ 158, ದಕ್ಷಿಣ 147, ಕೇಂದ್ರ 78. ಪೂರ್ವದಲ್ಲಿರುವುದು ಮಹದೇವಪುರ, ಕೆ.ಆರ್. ಪುರ ಎಂಬ ಎರಡೇ ವಿಧಾನಸಭಾ ಕ್ಷೇತ್ರ, ಜೊತೆಗೆ ವೈಟ್‌ಫೀಲ್ಡ್ ಮತ್ತು ಹೊರ ವರ್ತುಲ ರಸ್ತೆಯ ಐಟಿ ಕಚೇರಿಗಳ ಸಾಲು. ವಸತಿಯೇತರ ಕಟ್ಟಡಕ್ಕೆ ದರ 25%, ಘಟಕ ದರವೂ ಹೆಚ್ಚು. ಹಳೆಯ, ಸಣ್ಣ ಮನೆಗಳೇ ಹೆಚ್ಚಿರುವ ಪಶ್ಚಿಮದ ಬಡಾವಣೆಗಳಿಗೆ ಆ ಭಾಗ್ಯವಿಲ್ಲ. ಆದರೆ ಆ ಕಚೇರಿಗಳಲ್ಲಿ ದುಡಿಯುವವರು ನಗರದ ನಾಲ್ಕೂ ದಿಕ್ಕಿನಿಂದ ಬರುತ್ತಾರೆ.

ದೆಹಲಿ ಈ ದಾರಿಯಲ್ಲಿ ಹೋಗಿ ವಾಪಸ್ ಬಂದಿದೆ. 2012ರಲ್ಲಿ ಅಲ್ಲಿನ ಪಾಲಿಕೆ ಮೂರಾಯಿತು. ದಕ್ಷಿಣಕ್ಕೆ ತೆರಿಗೆ ಕೊಡುವ ಬಡಾವಣೆಗಳು ಸಿಕ್ಕವು, ಪೂರ್ವಕ್ಕೆ ಸಿಗಲಿಲ್ಲ. ಸಂಬಳ ಬಾರದೆ ಪೌರಕಾರ್ಮಿಕರು ಮತ್ತೆ ಮತ್ತೆ ಮುಷ್ಕರ ಹೂಡಿದರು. 2022ರ ಮೇನಲ್ಲಿ ಮೂರನ್ನೂ ಮತ್ತೆ ಒಂದು ಮಾಡಲಾಯಿತು. ಅಲ್ಲಿ ಎಡವಿದ್ದು ವಿಭಜನೆಯ ಜೊತೆಯಲ್ಲೇ ಆದಾಯ ಹಂಚಿಕೆಯ ಸೂತ್ರ ಬರೆಯದಿದ್ದುದರಲ್ಲಿ. ಕೊರತೆಯಾದಾಗ ಸರ್ಕಾರ ಅನುದಾನ ಕೊಡುತ್ತದೆ ಎಂಬ ಭರವಸೆ ಸೂತ್ರವಲ್ಲ. ಮೇಲಿನ ಸರ್ಕಾರ ಬೇರೆ ಪಕ್ಷದ್ದಾದ ವರ್ಷ ಅದು ಒತ್ತಡದ ಅಸ್ತ್ರವಾಗುತ್ತದೆ.

ಸೂತ್ರ ಹೇಗಿರಬಹುದು ಎಂಬುದಕ್ಕೆ ಅಮೆರಿಕದ ಮಿನ್ನೆಸೋಟದಲ್ಲಿ ಐವತ್ತು ವರ್ಷ ದಾಟಿದ ಮಾದರಿ ಇದೆ. ಮಿನಿಯಾಪೊಲಿಸ್–ಸೇಂಟ್ ಪಾಲ್ ಸುತ್ತಲಿನ ಏಳು ಕೌಂಟಿಗಳಲ್ಲಿ 1971ರ ಕಾನೂನಿನಂತೆ ವಾಣಿಜ್ಯ ಮತ್ತು ಕೈಗಾರಿಕಾ ಆಸ್ತಿಯ ಮೌಲ್ಯದಲ್ಲಿ ಆದ ಬೆಳವಣಿಗೆಯ 40% ಒಂದು ಸಾಮಾನ್ಯ ನಿಧಿಗೆ ಸೇರುತ್ತದೆ. ಜನಸಂಖ್ಯೆ ಮತ್ತು ಸ್ಥಳೀಯ ಆದಾಯದ ಬಲ ನೋಡಿ ಅದನ್ನು ಹಂಚುತ್ತಾರೆ. ಇದ್ದ ಆದಾಯವನ್ನು ಯಾರಿಂದಲೂ ಕಿತ್ತುಕೊಳ್ಳುವುದಿಲ್ಲ, ಮುಂದಿನ ಬೆಳವಣಿಗೆಯಲ್ಲಿ ಪಾಲು ಅಷ್ಟೇ. ಪೂರ್ವ ಪಾಲಿಕೆಗೂ ಇದನ್ನು ಒಪ್ಪುವುದು ಕಷ್ಟವಾಗದು. ಅದೇ ರಾಜ್ಯದಲ್ಲಿ ವಸತಿ ಮತ್ತು ಪುನರಭಿವೃದ್ಧಿ ಪ್ರಾಧಿಕಾರಗಳು ಆಸ್ತಿಯ ಮೇಲೆ ತೆರಿಗೆ ಹಾಕಬಹುದು, ಆದರೆ ಮಿತಿ ಅಂದಾಜು ಮಾರುಕಟ್ಟೆ ಮೌಲ್ಯದ 0.0185%. ಒಂದು ಕೋಟಿ ಮೌಲ್ಯಕ್ಕೆ 1,850 ಬಂದಂತಾಯಿತು. ನಗರದ ಚುನಾಯಿತ ಸಭೆ ಒಪ್ಪದೆ ಅದನ್ನೂ ಹಾಕುವಂತಿಲ್ಲ.

ಅಲ್ಲಿನ ಸಂಖ್ಯೆಯನ್ನು ಇಲ್ಲಿಗೆ ತರಬೇಕಿಲ್ಲ. ಆದರೆ ಮಿತಿ ಮತ್ತು ಒಪ್ಪಿಗೆ ಎಂಬ ಎರಡು ಬೇಲಿ ನಮಗೂ ಬೇಕು. ಬಿಡಿಎಯ ದರಗಳಿಗೆ ಒಪ್ಪಿಗೆ ಸಿಗುವುದು ಸರ್ಕಾರದಿಂದ, ಪಾಲಿಕೆಯಿಂದಲ್ಲ. ಜಿಬಿಎಯಲ್ಲೂ ಐವರು ಮೇಯರ್‌ಗಳ ಸ್ವರ ಸಚಿವರು, ಶಾಸಕರು, ಅಧಿಕಾರಿಗಳ ನಡುವೆ ಚಿಕ್ಕದು. ಪಾಲಿಕೆಗಳ ಸ್ವಾಯತ್ತತೆಯಲ್ಲಿ ಜಿಬಿಎ ಕೈಹಾಕುವುದಿಲ್ಲ ಎಂದು ಸ್ಪಷ್ಟಪಡಿಸುವ ತಿದ್ದುಪಡಿಯನ್ನು 2025ರ ಆಗಸ್ಟ್‌ನಲ್ಲಿ ವಿಧಾನಮಂಡಲ ಒಪ್ಪಿತು. ಅದು ಒಳ್ಳೆಯದೇ. ಆದರೆ ಪಾಲಿಕೆಯ ಗಡಿಯೊಳಗೆ ಬೇರೆ ಸಂಸ್ಥೆ ಹಾಕುವ ಸೆಸ್ಸಿಗೆ ಪಾಲಿಕೆಯ ಸಭೆಯ ಮತ ಬೇಕು ಎಂಬ ಮಾತು ಕಾನೂನಿನಲ್ಲಿ ಬಂದಾಗಲೇ ಸ್ವಾಯತ್ತತೆಗೆ ಬೆಲೆ.

ಕೈಗಾರಿಕೆಯ ಕಡೆಗೂ ಇದೇ ಪ್ರಶ್ನೆ ಚಾಚಿಕೊಂಡಿದೆ. ಎಲೆಕ್ಟ್ರಾನಿಕ್ ಸಿಟಿ 2013ರಿಂದ ಕೈಗಾರಿಕಾ ಟೌನ್‌ಶಿಪ್. ಅದರ ಪ್ರಾಧಿಕಾರವೇ ತೆರಿಗೆ ಪಡೆದು ರಸ್ತೆ, ದೀಪ ನೋಡಿಕೊಳ್ಳುತ್ತದೆ. ಸಂವಿಧಾನದ 243-ಕ್ಯೂ ವಿಧಿ ಇಂಥ ಕಡೆ ಚುನಾಯಿತ ನಗರಸಭೆ ಇಲ್ಲದಿದ್ದರೂ ಸರಿ ಎನ್ನುತ್ತದೆ. ಒಳಗಿನ ನಿರ್ವಹಣೆ ಅಚ್ಚುಕಟ್ಟಾಗಿದೆ ನಿಜ. ಆದರೆ ಅಲ್ಲಿ ದುಡಿಯುವವರು ಮನೆ ಮಾಡಿರುವುದು ಗೇಟಿನಾಚೆಯ ಹಳ್ಳಿಗಳಲ್ಲಿ, ಅಲ್ಲಿನ ಚರಂಡಿಗೆ ಆ ಕಟ್ಟಡಗಳ ತೆರಿಗೆ ಸಾಕಷ್ಟು ಹರಿಯುವುದಿಲ್ಲ. ಪೀಣ್ಯದ ಸಣ್ಣ ಕೈಗಾರಿಕೆಗಳವರು ತೆರಿಗೆಯನ್ನು ಪಾಲಿಕೆಗೆ ಕಟ್ಟಿ ರಸ್ತೆಗಾಗಿ ವರ್ಷಗಟ್ಟಲೆ ಕೇಳಿದ್ದಾರೆ. ಎರಡೂ ತುದಿ ಸರಿಯಲ್ಲ. ಸಂಗ್ರಹದ ಇಂತಿಷ್ಟು ಪಾಲು ಆ ಪ್ರದೇಶಕ್ಕೇ ಮರಳುವಂತೆ, ಇಂತಿಷ್ಟು ಸುತ್ತಲಿನ ವಾರ್ಡುಗಳಿಗೆ ಹೋಗುವಂತೆ ಬರೆದಿಡುವುದು ಮಧ್ಯದ ದಾರಿ.

ಇಷ್ಟೆಲ್ಲ ನೋಡಿದ ಮೇಲೆ ಆಗಬೇಕಾದ ಕೆಲಸದಲ್ಲಿ ಮೊದಲನೆಯದು ಆಸ್ತಿ ಮತ್ತು ಹೊಣೆಯ ಪಟ್ಟಿ. ಐದೂ ಪಾಲಿಕೆಗಳಿಗೆ ಬಿಬಿಎಂಪಿಯ ಸಾಲ, ಗುತ್ತಿಗೆದಾರರ ಬಾಕಿ ಬಿಲ್ಲು, ನಿವೃತ್ತರ ಪಿಂಚಣಿ ಯಾವ ಅನುಪಾತದಲ್ಲಿ ಹೋಯಿತೆಂದು ಸಾರ್ವಜನಿಕವಾಗಿ ಪ್ರಕಟವಾಗಬೇಕು. ಜನಸಂಖ್ಯೆಯ ಅನುಪಾತದಲ್ಲಿ ಸಾಲ ಹಂಚಿ ಆದಾಯವನ್ನು ಮಾತ್ರ ಗಡಿಯ ಪ್ರಕಾರ ಬಿಟ್ಟರೆ ಬಡ ಪಾಲಿಕೆ ಮೊದಲ ದಿನವೇ ಸೋಲುತ್ತದೆ. ಬೆಂಗಳೂರು ಮಹಾನಗರ ಪಾಲಿಕೆ 1997ರಲ್ಲಿ ದೇಶದಲ್ಲೇ ಮೊದಲ ಪೌರ ಬಾಂಡ್ (ನಗರಾಡಳಿತದ ಸಾಲಪತ್ರ) ಬಿಡುಗಡೆ ಮಾಡಿ 125 ಕೋಟಿ ಎತ್ತಿತ್ತು, ಅದೂ ರಾಜ್ಯ ಸರ್ಕಾರದ ಖಾತರಿಯ ಮೇಲೆ. ಐದು ಪಾಲಿಕೆಗಳು ತಮ್ಮ ಹೆಸರಿನಲ್ಲಿ ಸಾಲ ಎತ್ತಬೇಕೆಂದರೆ ಪ್ರತಿಯೊಂದಕ್ಕೂ ಲೆಕ್ಕಪರಿಶೋಧನೆಯಾದ ಶುದ್ಧ ಆರಂಭಿಕ ಆಸ್ತಿ-ಹೊಣೆ ಪಟ್ಟಿ (ಬ್ಯಾಲೆನ್ಸ್ ಶೀಟ್) ಬೇಕು. ಅದಿಲ್ಲದೆ ರೇಟಿಂಗ್ ಸಿಗದು, ಸಿಕ್ಕರೂ ಬಡ್ಡಿ ದುಬಾರಿ.

ಎರಡನೆಯದಾಗಿ, ಯೋಜನಾ ಶುಲ್ಕ ಮತ್ತು ಸೆಸ್‌ಗಳಿಗೆ ಪಾಲಿಕೆವಾರು ಪ್ರತ್ಯೇಕ ಬ್ಯಾಂಕ್ ಖಾತೆ. ಯಲಹಂಕದ ಅಪಾರ್ಟ್‌ಮೆಂಟ್ ಕಟ್ಟಿದ ಹಣ ಇನ್ನೆಲ್ಲಿಯದೋ ಸುರಂಗ ರಸ್ತೆಯ ಸಾಲಕ್ಕೆ ಅಡವಾದರೆ ಅದು ಸೆಸ್ ಅಲ್ಲ, ಹೆಸರು ಬದಲಿಸಿದ ತೆರಿಗೆ. ಬಿ-ಖಾತಾವನ್ನು (ನಿಯಮಬದ್ಧವಲ್ಲದ ಆಸ್ತಿಗಳ ಖಾತಾ) ಎ-ಖಾತಾ ಮಾಡಲು ಮಾರ್ಗಸೂಚಿ ದರದ (ಸರ್ಕಾರ ಗೊತ್ತುಮಾಡಿದ ಆಸ್ತಿ ಬೆಲೆ) 5% ಪಡೆಯುವಂತೆ 2025ರಲ್ಲಿ ಬಂದ ಯೋಜನೆಗೂ ಇದೇ ಮಾತು ಅನ್ವಯಿಸುತ್ತದೆ. ಚದರ ಅಡಿಗೆ 4,000 ರೂಪಾಯಿ ಮಾರ್ಗಸೂಚಿ ದರವಿರುವ ಕಡೆ ಒಂದು 30×40 ನಿವೇಶನಕ್ಕೆ ಅದು 2,40,000 ರೂಪಾಯಿ. ಇಷ್ಟು ಹಣ ಕೊಟ್ಟ ಬೀದಿಗೆ ಚರಂಡಿ ಯಾವಾಗ ಬರುತ್ತದೆಂದು ರಶೀದಿಯ ಜೊತೆಗೇ ಹೇಳಬೇಕು.

ಕೊನೆಯದಾಗಿ ಹಸ್ತಾಂತರ. ಬಿಡಿಎ ಬಡಾವಣೆಗಳಲ್ಲಿ ರಸ್ತೆ, ಒಳಚರಂಡಿ ಮುಗಿದಿಲ್ಲವೆಂದು ಪಾಲಿಕೆ ಸ್ವೀಕರಿಸುವುದಿಲ್ಲ. ಸ್ವೀಕರಿಸುವವರೆಗೆ ತೆರಿಗೆ ಬಿಡಿಎಗೇ ಬರುವುದರಿಂದ ಅಲ್ಲಿ ಮುಗಿಸುವ ಆತುರ ಇರುವುದಿಲ್ಲ. ಇದನ್ನು ಬಿಡಿಸಲು ಒಂದು ತಿದ್ದುಪಡಿ ಸಾಕು: ನಿವೇಶನಗಳ ಮೊದಲ ಹಂಚಿಕೆಯಾಗಿ ಇಷ್ಟು ವರ್ಷದ ಮೇಲೆ 28-ಬಿ ಕಲಮಿನ ತೆರಿಗೆ ಅಧಿಕಾರ ತಾನಾಗಿಯೇ ಪಾಲಿಕೆಗೆ ಹೋಗುವುದು, ಬಾಕಿ ಉಳಿದ ಕಾಮಗಾರಿಯ ಅಂದಾಜು ಮೊತ್ತವನ್ನು ಬಿಡಿಎ ಠೇವಣಿಯಾಗಿ ಪಾಲಿಕೆಯಲ್ಲಿ ಇಡುವುದು. ಆ ಠೇವಣಿಯನ್ನು ಮೂಲೆ ನಿವೇಶನಗಳ ಹರಾಜಿನ ಹಣದಿಂದಲೇ, ಮೊದಲ ಹರಾಜಿನ ದಿನವೇ ತೆಗೆದಿಡಬಹುದು.